ಚಿಕ್ಕ ಲಾರಿಯ ಎಡಬಾಗಿಲು ಕರಗಿದ ಬಗ್ಗೆ

ಹೆಸರು: ಎಲ್ಲರೂ ಮೊಳೆ ಎಂದು ಕರೆಯುತ್ತಾರೆ. ಶಾಲೆಯ ಹೆಸರು ಶಾಲೆಯಲ್ಲೇ ಉಳಿಯಿತು. ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟೆ.
ವಯಸ್ಸು: ಹತ್ತೊಂಬತ್ತು.
ಉದ್ಯೋಗ: ಭಾವನ ಗ್ಯಾರೇಜಿನಲ್ಲಿ ಲಾರಿಗಳ ಬಾಡಿ ಕಟ್ಟುವ ಕೆಲಸ.
ವಾಸ: ಅದೇ ಗ್ಯಾರೇಜಿನ ಅಟ್ಟ. ಊಟ ಹಿಂಬದಿಯಲ್ಲಿರುವ ಅಕ್ಕನ ಮನೆಯಲ್ಲಿ.

ಈ ಮೂಲಕ ತಿಳಿಸುವುದೇನೆಂದರೆ, ನನಗೆ ಭಾವನ ತಮ್ಮನ ಮೇಲೆ ಹೊಟ್ಟೆಕಿಚ್ಚು ಇದೆ. ಗ್ಯಾರೇಜಿಗೆ ಬಂದಾಗಿನಿಂದ ಇದೆ. ಇದನ್ನು ಅಕ್ಕನಿಗೂ ಹೇಳಿಲ್ಲ. ಹೊಟ್ಟೆಕಿಚ್ಚು ಯಾವ ಸೆಕ್ಷನ್ನಿಗೂ ಬರಲ್ಲ ಕಣಪ್ಪ, ನಡೆದಿದ್ದು ಹೇಳು ಎಂದು ಠಾಣೆಯ ರೈಟರ್ ಸಾಹೇಬರು ಹೇಳಿದರು. ಅದನ್ನು ಬಿಟ್ಟರೆ ಉಳಿದದ್ದು ಯಾರಿಗೂ ಅರ್ಥವಾಗುವುದಿಲ್ಲ, ಬರೆದುಕೊಳ್ಳಲೇಬೇಕು ಎಂದು ನಾನು ಹಟ ಹಿಡಿದದ್ದರಿಂದ ಬರೆದುಕೊಂಡಿದ್ದಾರೆ.

ಎರಡನೆಯದಾಗಿ, ಪ್ರದರ್ಶನ ಭವನದ ಕಾವಲುಗಾರರಾದ ಮೀಸೆ ತಾತನನ್ನು ಬೆಳಿಗ್ಗೆಯಿಂದ ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದೀರಿ. ಬೀಗದ ಕೈ ಅವರ ಹತ್ತಿರ ಇತ್ತು ಎಂಬುದು ಬಿಟ್ಟರೆ ಅವರದೇನೂ ತಪ್ಪಿಲ್ಲ. ಲಾರಿಯ ಬಾಗಿಲು ಹಾಳು ಮಾಡಿದ್ದು ನಾನು.

ಆ ಲಾರಿ ರಿಮೋಟಿನಲ್ಲಿ ಓಡುವಂಥದ್ದು. ನಿಜವಾದ ಲಾರಿಯ ಹದಿನಾಲ್ಕನೇ ಒಂದು ಪಾಲು ಅಳತೆ. ಮೋಟಾರು, ಚಕ್ರ ಮತ್ತು ರಿಮೋಟು ಅಂಗಡಿಯಿಂದ ತಂದವು. ಮೇಲಿನ ಬಾಡಿ ಪೂರ್ತಿ ನಾನು ಕಟ್ಟಿದ್ದು. ಹೋದ ವರ್ಷ ನಮ್ಮ ಗ್ಯಾರೇಜಿಗೆ ಒಂದು ಹಳೆಯ ಗುಂಡುಮೂತಿ ಲಾರಿ ಬಂದಿತ್ತು. ಅದರ ಕ್ಯಾಬಿನ್ ಒಡೆದು ಗುಜರಿಗೆ ಹಾಕಿ ಹೊಸದು ಕಟ್ಟಬೇಕಿತ್ತು. ಒಡೆಯುವ ಮೊದಲು ನಾನು ಟೇಪು ಹಿಡಿದು ಅದರ ಮೂತಿ, ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲದರ ಅಳತೆ ತೆಗೆದುಕೊಂಡು ಒಂದೊಂದನ್ನೂ ಹದಿನಾಲ್ಕರಿಂದ ಭಾಗಿಸಿದೆ. ಮೇಷ್ಟ್ರ ಕೈಯಲ್ಲಿ ಭಾಗಾಕಾರಕ್ಕೆ ಏಟು ತಿಂದವನು ಈಗ ಇಡೀ ಲಾರಿಯನ್ನೇ ಭಾಗಿಸ್ತಾ ಕೂತಿದಾನೆ ನೋಡ್ರೇ ಎಂದು ಅಕ್ಕ ಪಕ್ಕದ ಮನೆಯವರಿಗೆ ಹೇಳಿ ನಗುತ್ತಿದ್ದಳು.

ಬಾಡಿ ಕಟ್ಟಲು ಬಳಸಿದ್ದು ಒಂದು ಮಿಲಿಮೀಟರ್ ದಪ್ಪದ ಬಿಳಿ ಪ್ಲಾಸ್ಟಿಕ್ ಹಾಳೆ. ಚಾಕುವಿನಿಂದ ಗೀರಿ ಮುರಿದು, ಅಂಚನ್ನು ಅರದಿಂದ ಸರಿಮಾಡಿ, ನೀರಿನಂಥ ಅಂಟು ಹಚ್ಚಿ ಕೂಡಿಸುವುದು. ಆ ಅಂಟು ಪ್ಲಾಸ್ಟಿಕ್ಕಿನ ಅಂಚನ್ನು ತುಸು ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಹಳೆಯ ಲಾರಿಗೆ ಮೈತುಂಬಾ ರಿವೆಟ್ ಮೊಳೆಗಳಿದ್ದವು. ಅವೂ ಇರಬೇಕು ಎನ್ನುವುದು ನನ್ನ ಹಟ. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಬಿಸಿಗೆ ಹಿಡಿದು ಕೂದಲಿನಷ್ಟು ಸಣ್ಣ ಎಳೆ ಎಳೆದೆ. ಹಾಳೆಗೆ ಸೂಜಿಯಿಂದ ತೂತು ಮಾಡಿ, ಎಳೆ ತೂರಿಸಿ, ತಲೆ ಮಾತ್ರ ಕಾಣುವಂತೆ ಕತ್ತರಿಸಿದೆ. ಎಡಬಾಗಿಲೊಂದರಲ್ಲೇ ಮೂವತ್ತೆಂಟು ಮೊಳೆ. ನನಗೆ ಈ ಹೆಸರು ಬಂದದ್ದು ಆಗಲೇ. ಶಾಲೆಯ ಬೆಂಚಿನ ಮೇಲೆ ಒಂದು ಗಂಟೆ ಕೂರಲಾರದವನು ಈ ಕೆಲಸಕ್ಕೆ ಹದಿನಾಲ್ಕು ತಿಂಗಳು ಕೂತೆ.

ಭಾವನ ತಮ್ಮನನ್ನು ನುಣುಪ ಎನ್ನುತ್ತಾರೆ. ನನಗಿಂತ ಐದು ವರ್ಷ ದೊಡ್ಡವನು, ಗ್ಯಾರೇಜಿನಲ್ಲಿ ಬಣ್ಣದ ಕೆಲಸ ಅವನದು. ಲಾರಿಯನ್ನು ನಾವು ನಾಲ್ಕು ಜನ ಒಂದು ತಿಂಗಳು ಬಡಿದು ಕಟ್ಟುತ್ತೇವೆ. ಇವನು ಕೊನೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಎರಡು ದಿನ ಬಣ್ಣ ಹೊಡೆಯುತ್ತಾನೆ. ಲಾರಿಯ ಮಾಲೀಕರು ಬಂದವರೇ ಬಣ್ಣದ ಮೇಲೆ ಕೈಯಾಡಿಸಿ, ಆಹಾ, ಏನು ಕೆಲಸ ಕಣಯ್ಯ ನಿಂದು ಎಂದು ಅವನ ಬೆನ್ನು ತಟ್ಟುತ್ತಾರೆ. ಪ್ರತಿ ಸಲವೂ ಹೀಗೆಯೇ. ಚೆನ್ನಾಗಿ ಕಟ್ಟಿದರೆ ಬೆಸುಗೆ ಕಾಣುವುದಿಲ್ಲ, ಕಾಣದ್ದನ್ನು ಯಾರೂ ಹೊಗಳುವುದಿಲ್ಲ.

ನನ್ನ ಚಿಕ್ಕ ಲಾರಿಗೆ ಬಣ್ಣ ಹೊಡೆಯುವುದು ನನಗೆ ಬರುವುದಿಲ್ಲ. ಎರಡು ಸಲ ಬೇರೆ ಹಾಳೆಯ ಮೇಲೆ ಹೊಡೆದು ನೋಡಿದೆ, ಕಣ್ಣೀರಿನ ಹಾಗೆ ಇಳಿಯಿತು. ಅವನನ್ನೇ ಕೇಳಬೇಕಾಯಿತು. ಕೊಡೋ, ನಿನ್ನ ಮಗುಗೆ ಬಟ್ಟೆ ಹೊಲಿದು ಕೊಡ್ತೀನಿ ಎಂದು ಅವನು ನಕ್ಕ. ಸಂದುಗಳಿಗೆ ಪುಟ್ಟಿ ತುಂಬಿದ. ಸೋಪಿನ ನೀರಿನಲ್ಲಿ ಅದ್ದಿದ ಉಜ್ಜುಕಾಗದದಿಂದ ಉಜ್ಜಿದ. ಮೊದಲು ಬೂದು ಬಣ್ಣದ ಪ್ರೈಮರ್, ಅದರ ಮೇಲೆ ಮೂರು ಸಲ ಕೆಂಪು, ಕೊನೆಗೆ ಹೊಳಪು. ಉಜ್ಜುವಾಗ ಮೂತಿಯ ಮೇಲಿನ ಹನ್ನೊಂದು ಮೊಳೆ ಸವೆದುಹೋದವು. ನಾನು ಕೂಗಾಡಿದೆ. ಮೊಳೆ ಎಣಿಸೋಕೆ ಯಾರು ಬರ್ತಾರೋ ದಡ್ಡ, ನಿನ್ನ ಬಿಟ್ಟು ಎಂದ. ಆ ಮಾತು ಇವತ್ತಿಗೂ ನನ್ನ ಹೊಟ್ಟೆಯಲ್ಲಿದೆ. ಬಣ್ಣ ಒಣಗಿದ ಮೇಲೆ ಲಾರಿಯನ್ನು ಬಿಸಿಲಿಗಿಟ್ಟ. ಅದು ಪ್ಲಾಸ್ಟಿಕ್ ಎಂದು ಯಾರೂ ಹೇಳುವಂತಿರಲಿಲ್ಲ. ತಗಡಿನಂತೆ ಇತ್ತು, ಕೈಯಿಟ್ಟರೆ ತಣ್ಣಗಿರಬೇಕು ಎನಿಸುತ್ತಿತ್ತು. ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ನನಗೆ ಅವನ ಮೇಲೆ ಇನ್ನೂ ಸಿಟ್ಟು ಬಂತು.

ನಿನ್ನೆ ಶನಿವಾರ ಮಧ್ಯಾಹ್ನ ಭವನದಲ್ಲಿ ಚಿಕ್ಕ ಮಾದರಿಗಳ ಪ್ರದರ್ಶನ ಶುರುವಾಯಿತು. ಮೂರು ಗಂಟೆಗೆ ಬೇರೆ ಊರಿನಿಂದ ಮಾದರಿ ತಯಾರಿಸುವ ಕಾರ್ಖಾನೆಯ ಯಜಮಾನರು ಬಂದರು. ವಸ್ತುಸಂಗ್ರಹಾಲಯಗಳಿಗೆ ರೈಲು, ಹಡಗು, ಸೇತುವೆ ಮಾಡಿಕೊಡುವವರು. ಒಬ್ಬ ಹುಡುಗನನ್ನು ಕೆಲಸಕ್ಕೆ ಕರೆದುಕೊಂಡು ಹೋಗಲು ಬಂದಿದ್ದಾರೆ ಎಂದು ಭವನದಲ್ಲೆಲ್ಲ ಸುದ್ದಿಯಿತ್ತು. ನನಗೆ ಬದುಕಿನಲ್ಲಿ ಕೂತು ಮಾಡಬೇಕು ಅನಿಸಿದ ಕೆಲಸ ಅದೊಂದೇ. ಅವರು ನಮ್ಮ ಮೇಜಿನ ಮುಂದೆ ನಿಂತರು. ನಾನು ರಿಮೋಟ್ ಹಿಡಿದು ಹತ್ತು ಅಡಿ ದೂರದಲ್ಲಿ ನಿಂತು ಮೇಜಿನ ಮೇಲಿದ್ದ ಲಾರಿ ತಿರುಗಿಸುತ್ತಿದ್ದೆ. ಅವರು ಲಾರಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಬಣ್ಣ ಯಾರದು ಎಂದು ಕೇಳಿದ್ದು ಕೇಳಿಸಿತು. ಮೇಜಿನ ಪಕ್ಕದಲ್ಲಿದ್ದ ನುಣುಪ ಕೈ ಎತ್ತಿದ. ಅವರು ಅವನ ಹೆಗಲ ಮೇಲೆ ಕೈಹಾಕಿ ಕಿಟಕಿಯ ಕಡೆ ಕರೆದುಕೊಂಡು ಹೋದರು. ಕಾಲು ಗಂಟೆ ಮಾತನಾಡಿದರು. ಏನು ಮಾತನಾಡಿದರೆಂದು ನನಗೆ ಕೇಳಿಸಲಿಲ್ಲ. ನಾನು ಕೇಳಲೂ ಇಲ್ಲ. ಮನೆಗೆ ಹೋಗಿ ಉಣ್ಣದೆ ಅಟ್ಟ ಹತ್ತಿದೆ. ಇವನಿಗೇನು ಗರ ಬಡಿದಿದೆ ಎಂದು ಅಕ್ಕ ಕೆಳಗಿನಿಂದ ಕೇಳಿದಳು.

ಇವತ್ತು ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ಭವನಕ್ಕೆ ಹೋದೆ. ಲಾರಿಯ ಬ್ಯಾಟರಿ ಬದಲಿಸಬೇಕು ಎಂದೆ. ಅದು ನಿಜವೂ ಹೌದು. ಮೀಸೆ ತಾತ ಬಾಗಿಲು ತೆಗೆದು, ನೀನು ನೋಡ್ಕೋ ಮಗಾ, ಒಂದು ಲೋಟ ಚಾ ಕುಡಿದು ಬರ್ತೀನಿ ಎಂದು ಎದುರಿನ ಅಂಗಡಿಗೆ ಹೋದರು. ನನ್ನ ಜೇಬಿನಲ್ಲಿ ಗ್ಯಾರೇಜಿನಿಂದ ತಂದ ಚಿಕ್ಕ ಬಾಟಲಿ ಮತ್ತು ಹತ್ತಿಬಟ್ಟೆ ಇದ್ದವು. ನನಗೆ ಲಾರಿ ಹಾಳು ಮಾಡುವ ಉದ್ದೇಶ ಇರಲಿಲ್ಲ. ಎಡಬಾಗಿಲಿನ ಬಣ್ಣ ಮಾತ್ರ ತೆಗೆಯಬೇಕು, ಅಡಿಯಲ್ಲಿರುವ ಬಿಳಿ ಹಾಳೆ, ಮೂವತ್ತೆಂಟು ಮೊಳೆ ಆ ಯಜಮಾನರಿಗೆ ಕಾಣಬೇಕು, ಅಷ್ಟೇ.

ಬಾಟಲಿಯಲ್ಲಿದ್ದದ್ದು ಥಿನ್ನರ್. ಗ್ಯಾರೇಜಿನಲ್ಲಿ ತಗಡಿನ ಬಾಗಿಲಿನಿಂದ ಹಳೆಯ ಬಣ್ಣ ತೆಗೆಯಲು ಐದು ವರ್ಷದಿಂದ ಅದನ್ನೇ ಒರೆಸುತ್ತಿದ್ದೇನೆ. ಪ್ಲಾಸ್ಟಿಕ್ಕಿಗೆ ಥಿನ್ನರ್ ಸೋಕಿಸಬಾರದು ಎಂದು ನನಗೆ ಗೊತ್ತು. ಕಟ್ಟಿದವನು ನಾನೇ, ಆ ಹಾಳೆಯನ್ನು ಬೆಸೆದ ಅಂಟೂ ಥಿನ್ನರಿನ ಜಾತಿಯದ್ದೇ. ಆದರೆ ಅದು ತಗಡಿನಂತೆ ಕಾಣುತ್ತಿತ್ತು. ನಾನು ಅದನ್ನು ತಗಡಿನಂತೆಯೇ ಒರೆಸಿದೆ. ಮೊದಲು ಬಟ್ಟೆಗೆ ಕೆಂಪು ಬಂತು, ಆಮೇಲೆ ಬೂದು ಬಂತು. ಆಮೇಲೆ ಬಿಳಿ ಬಂತು, ಎಳೆ ಎಳೆಯಾಗಿ. ಬಟ್ಟೆ ಎತ್ತಿದಾಗ ಬಾಗಿಲು ಅಂಟಿಕೊಂಡು ಮೇಲೆದ್ದಿತು. ಒಂದು ಮೊಳೆಯೂ ಉಳಿದಿರಲಿಲ್ಲ. ನಾನು ಲಾರಿಯ ಮೇಲೆ ಹೊದಿಕೆಯ ಬಟ್ಟೆ ಮುಚ್ಚಿ ಹೊರಗೆ ಬಂದೆ. ಬ್ಯಾಟರಿ ಬದಲಿಸಲು ಮರೆತೆ. ಎದುರಿನ ಅಂಗಡಿಯಿಂದ ಮೀಸೆ ತಾತ, ಆಯ್ತಾ ಮಗಾ ಎಂದು ಕೂಗಿದರು. ಆಯ್ತು ಎಂದೆ.

ಒಂಬತ್ತೂವರೆಗೆ ಮತ್ತೆ ಹೋದೆ. ಗ್ಯಾರೇಜಿನಲ್ಲಿ ಇರಲಾಗಲಿಲ್ಲ. ಅಷ್ಟರಲ್ಲಿ ಪ್ರದರ್ಶನದವರು ದೂರು ಕೊಟ್ಟಿದ್ದರು, ನೀವು ತಾತನನ್ನು ಕರೆತಂದಾಗಿತ್ತು. ನನ್ನ ಹೆಸರನ್ನು ತಾತ ಹೇಳಿರಲಿಲ್ಲ ಎಂದು ಇಲ್ಲಿ ಬಂದ ಮೇಲೆ ತಿಳಿಯಿತು. ಮೇಜಿನ ಹತ್ತಿರ ಯಜಮಾನರು ಕನ್ನಡಕ ಏರಿಸಿ, ಭೂತಗನ್ನಡಿ ಹಿಡಿದು ಬಾಗಿಲು ನೋಡುತ್ತಿದ್ದರು. ಪಕ್ಕದಲ್ಲಿ ನುಣುಪ ನಿಂತಿದ್ದ. ನನ್ನನ್ನು ಕಂಡು, ಇವನೇ ಸಾರ್ ಎಂದ. ಸಿಕ್ಕಿಬಿದ್ದೆ ಎಂದುಕೊಂಡೆ. ಯಜಮಾನರು, ಇದನ್ನು ಕಟ್ಟಿದ್ದು ನೀನೇನಪ್ಪಾ ಎಂದು ಕೇಳಿದರು. ನುಣುಪ ನಿನ್ನೆಯೇ ಕಿಟಕಿಯ ಹತ್ತಿರ ಅವರಿಗೆ, ನಾನು ಬರೀ ಬಣ್ಣ ಬಳಿದವನು, ಕಟ್ಟಿದ ಹುಡುಗ ಬೇರೆ, ಅವನನ್ನು ನೋಡಿ ಎಂದು ಹೇಳಿದ್ದನಂತೆ. ಮೊಳೆ ಎಣಿಸಿ ನೋಡಿ ಸಾರ್ ಎಂದೂ ಹೇಳಿದ್ದನಂತೆ. ಅವರು ಇವತ್ತು ಭೂತಗನ್ನಡಿ ತಂದಿದ್ದು ಅದಕ್ಕೇ.

ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇದರಲ್ಲೂ ಅವನೇ ಮುಂದಾದ ಎಂದು ಹೊಟ್ಟೆ ಉರಿಯಿತು. ಇದನ್ನೂ ಬರೆದುಕೊಳ್ಳಬೇಕು.

ನಾನೇ ಮಾಡಿದ್ದು, ಥಿನ್ನರಿನಲ್ಲಿ ಎಂದು ಅಲ್ಲೇ ಹೇಳಿದೆ. ಯಾಕೆ ಎಂದು ಯಜಮಾನರು ಕೇಳಲಿಲ್ಲ. ಪ್ಲಾಸ್ಟಿಕ್ಕಿಗೆ ಥಿನ್ನರ್ ಹಾಕಿದ್ಯಾ ಎಂದು ಮಾತ್ರ ಕೇಳಿದರು, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ನುಣುಪ ಬಾಗಿಲಿನ ಕರಗಿದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಕೇಳಿದ್ದಿದ್ರೆ ನಾನೇ ತೆಗೆದು ಕೊಡ್ತಿದ್ದೆನಲ್ಲೋ, ಬ್ರೇಕ್ ಆಯಿಲಿನಲ್ಲಿ ನೆನೆಹಾಕಿದ್ರೆ ಬಣ್ಣ ತಾನೇ ಬಿಡ್ತಿತ್ತು, ನಿನ್ನ ಮೊಳೆಗೆ ಏನೂ ಆಗ್ತಿರ್ಲಿಲ್ಲ ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು. ಯಜಮಾನರು ಅವನ ಕಡೆ ತಿರುಗಿ, ಹಾಗಾದ್ರೆ ನೀನು ಬರ್ತೀಯೇನಪ್ಪಾ ಎಂದು ಕೇಳಿದರು. ಅವನು ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಬರ್ತೀನಿ ಸಾರ್ ಎಂದ.

ಅಲ್ಲಿಂದ ಠಾಣೆಗೆ ಆರುನೂರು ಮೀಟರ್. ನಡೆದೇ ಬಂದೆ, ಯಾರೂ ಕರೆತರಲಿಲ್ಲ. ಮೀಸೆ ತಾತನನ್ನು ಈಗಲೇ ಮನೆಗೆ ಕಳಿಸಬೇಕೆಂದು ಕೋರುತ್ತೇನೆ.

ಮೇಲೆ ಬರೆದದ್ದನ್ನು ರೈಟರ್ ಸಾಹೇಬರು ಎರಡು ಸಲ ಓದಿ ಹೇಳಿದರು. ಎಲ್ಲವೂ ನಿಜ, ಯಾರೂ ಹೆದರಿಸಿ ಹೇಳಿಸಿದ್ದಲ್ಲ. ಹೊಟ್ಟೆಕಿಚ್ಚಿನ ಮಾತನ್ನು ಹೊಡೆದುಹಾಕಬಹುದು ಎಂದು ಅವರು ಹೇಳಿದರೂ ನಾನು ಒಪ್ಪಿಲ್ಲ.

ಸ್ಥಳ: ಠಾಣೆಯ ಬರವಣಿಗೆಯ ಕೋಣೆ
ದಿನ: ಭಾನುವಾರ, ಮಧ್ಯಾಹ್ನ ಹನ್ನೆರಡೂವರೆ
ಸಹಿ: (ಮೊಳೆ)

ಸಹಿಯ ನಂತರ ಸೇರಿಸಿದ್ದು: ನುಣುಪನ ಹೇಳಿಕೆಯೂ ಬೇಕು, ನಾಡಿದ್ದು ಬಂದು ಕೊಡಲಿ ಎಂದು ಸಾಹೇಬರು ಹೇಳಿದರು. ಬೇಕಿದ್ದರೆ ಇವತ್ತೇ ತೆಗೆದುಕೊಳ್ಳಬೇಕು. ಅವನು ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತಾನೆ.