ಓಬಳಮ್ಮನ ಹೇಳಿಕೆ

ಸ್ವಲ್ಪ ಹತ್ರ ಬನ್ನಿ... ಜೋರಾಗಿ ಹೇಳೋ ವಿಷಯ ಅಲ್ಲ ಇದು.

ನಡೆದಿದ್ದು ನಮ್ಮ ಚಿಕ್ಕಪ್ಪನ ಮಗ ಮಾರುತೇಶನಿಗೆ. ತೊಂಬತ್ತೆಂಟನೇ ಇಸವಿ. ಚಳ್ಳಕೆರೆಯವನು, ಜಿಲ್ಲಾ ಪೇಪರೊಂದಕ್ಕೆ ಮೊಳಕಾಲ್ಮೂರಿನ ವರದಿಗಾರ. ಯಾರು ಯಾರದ್ದನ್ನ ನುಂಗಿದ್ರು ಅಂತ ಕೆದಕೋದೇ ಅವನ ಹುಚ್ಚು. ಬರೆದಿದ್ದರಲ್ಲಿ ಅರ್ಧವೂ ಅಚ್ಚಾಗ್ತಿರಲಿಲ್ಲ.

ಆ ರಾತ್ರಿ ಕೊನೇ ಬಸ್ಸಿಳಿದು ಕ್ರಾಸಿನಿಂದ ರೂಮಿಗೆ ನಡೀತಿದ್ದ. ಕರೆಂಟಿಲ್ಲ. ಎಡಕ್ಕೆ ಬಂಡೆಗುಡ್ಡ, ಬಲಕ್ಕೆ ಹಳೇ ಸೇದೋ ಬಾವಿ. ಹದಿನೈದು ದಿನದ ಹಿಂದೆ ಓಬಳಮ್ಮನ ಹೆಣ ಎತ್ತಿದ್ದು ಅದೇ ಬಾವಿಯಿಂದ.

ಓಬಳಮ್ಮ ರೇಷ್ಮೆ ಸೀರೆ ನೇಯೋಳು. ನೇಕಾರರಿಗೆ ಅಂತ ಸರ್ಕಾರ ಕೊಟ್ಟ ಸೈಟುಗಳನ್ನ, ಅವರೇ ವಾಪಸ್ ಕೊಟ್ಟಂಗೆ ಕಾಗದ ಮಾಡಿಸಿ, ಒಬ್ಬ ಮುಖಂಡ ತನ್ನ ಕಡೆಯೋರಿಗೆ ಹಂಚಿದ್ದ. ಬಾಯಿ ಬಿಡೋಕೆ ಒಪ್ಪಿದ್ದು ಇವಳೊಬ್ಬಳೇ. ‘ಮಂಗಳವಾರ ಬಾ, ಎಲ್ಲ ಹೇಳ್ತೀನಿ’ ಅಂದಿದ್ಲು. ಆ ಮಂಗಳವಾರ ಸಂಪಾದಕ ಜಂಬುಲಿಂಗಪ್ಪ ಇವನನ್ನ ಎಲ್ಲಿಗೆ ಕಳಿಸಿದ ಗೊತ್ತಾ? ಅದೇ ಮುಖಂಡನ ಸನ್ಮಾನದ ವರದಿಗೆ. ಬುಧವಾರ ಹೋಗೋಷ್ಟರಲ್ಲಿ... ಬಾವಿ ಹತ್ರ ಕೊಡ ಸಿಕ್ಕಿದೆ, ನೀರು ಸೇದೋವಾಗ ಜಾರಿ ಬಿದ್ಲು ಅಂತ ಪೊಲೀಸರು ಬರೆದಾಗಿತ್ತು.

‘ಆಕೆ ಹೇಳಿಕೆ ಇಲ್ದೆ ಒಂದಕ್ಷರ ಹಾಕಲ್ಲ’ ಅಂತ ಆವತ್ತೂ ಸಂಪಾದಕ ಫೈಲು ವಾಪಸ್ ತಳ್ಳಿದ್ದ. ಇವನು ಹಲ್ಲು ಕಚ್ಚಿಕೊಂಡು ಬರ್ತಿದ್ದ.

ಟಕ್... ಸರ್ರ್... ಟಕ್.

ಮಗ್ಗದ ಸದ್ದು. ಲಾಳಿ ಸರಿಯೋದು, ಹಲಗೆ ಬಡಿಯೋದು. ಸುತ್ತ ಒಂದು ಮನೆ ಇಲ್ಲ. ಸದ್ದು ಬಾವಿಯೊಳಗಿಂದ ಬರ್ತಿತ್ತು.

ಇವನು ನಿಂತ. ಸದ್ದೂ ನಿಂತಿತು.

ಕಿವಿ ಹತ್ರ, ಹಿಂದಿನಿಂದ, ಪಿಸುಮಾತು. ‘ಬುಧವಾರ ಬಂದಿದ್ದೆಯಂತೆ?’

ತೆಲುಗಲ್ಲಿ. ಗಡಿ ಅಲ್ವಾ, ಕೇಳಿದ್ರೆ ಅರ್ಥ ಆಗ್ತಿತ್ತು ಅವನಿಗೆ. ತಿರುಗಲಿಲ್ಲ.

‘ತಪ್ಪಾಯ್ತಕ್ಕ...’

‘ರಾಸ್ಕೋ.’ ಬರ್ಕೋ ಅಂತ.

ನೋಟ್‌ಬುಕ್ ತೆಗೆದ. ಕೈ ಕಾಣದಂಥ ಕತ್ತಲು. ಅವಳು ಹೇಳ್ತಾ ಹೋದ್ಲು, ಇವನು ಬರೀತಾ ಹೋದ. ಮುಗಿದಾಗ ಬಾವಿಯ ರಾಟೆ ಒಂದೇ ಒಂದು ಸುತ್ತು ತಿರುಗಿತು... ಕಿರ್ರ್. ಆಮೇಲೆ ಓಡಿದನಂತೆ.

ಬೆಳಿಗ್ಗೆ ತೆಗೆದು ನೋಡ್ತಾನೆ, ಎರಡು ಪುಟ ತುಂಬಿದೆ. ಎಲ್ಲ ತೆಲುಗು ಲಿಪಿ. ಇವನು ಜನ್ಮದಲ್ಲಿ ತೆಲುಗು ಅಕ್ಷರ ಕಲಿತೋನಲ್ಲ.

ಸೀದಾ ಓಬಳಮ್ಮನ ಗಂಡ ಗೋವಿಂದಪ್ಪನ ಮನೆಗೆ ಹೋದ. ಗೋವಿಂದಪ್ಪ ಕಿಟಕಿ ಬೆಳಕಿಗೆ ಹಿಡಿದು ಮೆಲ್ಲಗೆ ಓದಿದ. ‘ಸೈಟು ನಾನು ಕೊಟ್ಟಿಲ್ಲ. ಖಾಲಿ ಹಾಳೆಗೆ ಸೈನ್ ಹಾಕಿಸ್ಕೊಂಡ್ರು. ಬಾವಿ ಹತ್ರ ಸಿಕ್ಕ ಕೊಡ ನಂದಲ್ಲ.’

ಅಲ್ಲಿಗೆ ನಿಲ್ಲಿಸಿದ. ‘ನಮ್ಮ ಕೊಡ ಒಳಗೇ ಐತೆ’ ಅಂದ. ‘ಯಾರೂ ಕೇಳಲಿಲ್ಲ.’

ನೋಟ್‌ಬುಕ್ ವಾಪಸ್ ಕೊಡ್ತಾ, ‘ಇದು ಅವಳದೇ ಅಕ್ಷರ ಸ್ವಾಮಿ’ ಅಂದ.

ಮಾರುತೇಶ ಅವತ್ತೇ ಬಸ್ಸು ಹಿಡಿದು ಆಫೀಸಿಗೆ ಹೋಗಿ ಎಲ್ಲ ಹೇಳಿದ. ಜಂಬುಲಿಂಗಪ್ಪ ಎರಡೂ ಪುಟ ತಿರುವಿದ. ‘ಇದಕ್ಕೆ ಯಾವ ತಾರೀಕು ಹಾಕ್ಲಿ, ನೀನೇ ಹೇಳು’ ಅಂದ.

ಸತ್ತು ಹದಿನೈದು ದಿನ ಆದ್ಮೇಲಿನ ತಾರೀಕು ಹಾಕೋಕಾಗುತ್ತಾ?

‘ಆ ಕೊಡದ ವಿಷಯನಾದ್ರೂ ಹಾಕ್ರಿ. ಗೋವಿಂದಪ್ಪ ಬಂದು ಹೇಳ್ತಾನೆ’ ಅಂದ ಮಾರುತೇಶ.

‘ಗೋವಿಂದಪ್ಪನನ್ನಾದ್ರೂ ಬದುಕೋಕೆ ಬಿಡೋ’ ಅಂದ ಸಂಪಾದಕ.

ಮುಂದಿನ ತಿಂಗಳು ಇವನನ್ನ ಚಳ್ಳಕೆರೆಗೆ ಹಾಕಿದ್ರು, ಶೇಂಗಾ ಧಾರಣೆ ಬರೆಯೋಕೆ. ಮುಖಂಡ ಚುನಾವಣೇಲಿ ಗೆದ್ದ. ಆ ಸುದ್ದಿ ಮೊದಲ ಪುಟದಲ್ಲಿ ಬಂತು, ಫೋಟೋ ಸಮೇತ. ಓಬಳಮ್ಮನ ಬಗ್ಗೆ ಇವತ್ತಿನವರೆಗೂ ಒಂದು ಸಾಲು ಬಂದಿಲ್ಲ. ಅದನ್ನ ನೆನೆಸಿಕೊಂಡ್ರೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿಬಿಡ್ತಾನೆ, ಈಗಲೂ.

ಕಟ್ಟುಕತೆ ಅನ್ನಬೇಡಿ. ಆ ಎರಡು ಪುಟ ನಾನು ಕೈಯಲ್ಲಿ ಹಿಡಿದು ನೋಡಿದೀನಿ. ಗುಂಡು ಗುಂಡಾದ ಅಕ್ಷರ, ಒಂದು ಚಿತ್ತಿಲ್ಲ. ಮೊನ್ನೆ ಅವನ ಜೊತೆ ರಾಯದುರ್ಗಕ್ಕೆ ಹೊರಟಿದ್ದೆ. ಸ್ಟ್ಯಾಂಡಲ್ಲಿ ಆಂಧ್ರದ ಬಸ್ಸು ಬಂದು ನಿಂತಿತು. ಮಾರುತೇಶ ಅದರ ತೆಲುಗು ಬೋರ್ಡನ್ನೇ ಸುಮಾರು ಹೊತ್ತು ನೋಡಿ, ಪಕ್ಕದಲ್ಲಿದ್ದ ಮುದುಕಿಯನ್ನ ಕೇಳಿದ. ‘ಅಜ್ಜಿ, ಇದು ಎಲ್ಲಿಗೆ ಹೋಗುತ್ತೆ?’