ಗಜೇಂದ್ರಗಡದ ರಸ್ತೆ ಮಾಡಿದ ಪ್ರಭುಲಿಂಗಪ್ಪನವರು

ರೋಣದ ಹಿರಿಯರೇ, ತಾಯಂದಿರೇ, ಸವಡಿ, ಜಕ್ಕಲಿ, ಅಸೂಟಿಯಿಂದ ಬಂದ, ರಸ್ತೆಗೆ ಖಡಿಕಲ್ಲು ಹೊರುವ ನನ್ನ ಗೆಳೆಯರೇ, ಮುಂದೆ ಕುಳಿತಿರುವ, ನಮ್ಮ ಧಣಿಯ ಪತ್ನಿ ನೀಲವ್ವನವರೇ — ಎಲ್ಲರಿಗೂ ಈ ನಜೀರಸಾಬನ ನಮಸ್ಕಾರ. ನಾನು ಭಾಷಣದವನಲ್ಲ, ಕಲ್ಲಿದ್ದಲು ಉರಿಸುವ ಹಬೆಯ ರೋಲರ್ ಓಡಿಸುವವನು. ದನಿ ಜೋರಾದರೆ ಸಿಟ್ಟು ಅಂದುಕೊಳ್ಳಬೇಡಿ. ಯಂತ್ರದ ಮೇಲೆ ಕುಳಿತು ಕುಳಿತು ಹೀಗಾಗಿದೆ.

ನಮ್ಮ ಧಣಿ ಪ್ರಭುಲಿಂಗಪ್ಪನವರು ಜ್ವರದಲ್ಲಿ ತೀರಿಕೊಂಡ ಮರುದಿನವೇ ಪೇಟೆಯಲ್ಲಿ ಮಾತು ಹುಟ್ಟಿತು. "ಧಣಿ ಹ್ವಾದ್ರು, ಕಂಪನೀನೂ ಮುಗೀತು. ಇನ್ನ ಹೊರಗಿನವ್ರು ಬರ್ತಾರ." ಕೇಳಿ ನನ್ನ ಮೈಯೆಲ್ಲ ಉರಿಯಿತು. ಹಾಗೆ ಮುಗಿಯುವಂಥದ್ದನ್ನು ಅವರು ಕಟ್ಟಿದ್ದರೇ? — ನೀವೇ ಹೇಳಿ!

ಇದು ರಸ್ತೆ, ಸೇತುವೆಗಳ ಕಾಲ. ಪಂಚವಾರ್ಷಿಕ ಯೋಜನೆ ಬಂತು, ಅದರ ಹಿಂದೆ ದೊಡ್ಡ ಊರುಗಳ ಕಂಪನಿಗಳೂ ಬಂದವು. ನಮ್ಮ ಮಂದಿಗೆ ಬುಟ್ಟಿ ಹೊರುವುದಷ್ಟೇ ಕೆಲಸ. ಕಾಳುಕಡಿ ವ್ಯಾಪಾರದ ಮನೆತನದ ಪ್ರಭುಲಿಂಗಪ್ಪನವರು ನಮ್ಮ ಮಂದಿಯದೇ ಒಂದು ಕಂಪನಿ ಕಟ್ಟಿ, ಗಜೇಂದ್ರಗಡದ ರಸ್ತೆ ನಾವೇ ಮಾಡುತ್ತೇವೆ ಎಂದರು. ಸರ್ಕಾರದ ಇಂಜಿನಿಯರ್ ಸಾಹೇಬರು ನಕ್ಕರು. ಎರೆಮಣ್ಣು ನಿಮ್ಮ ಖಡಿಯನ್ನೆಲ್ಲ ನುಂಗುತ್ತದೆ ಎಂದರು. ಮಳೆ ಹಿಡಿಯುವ ಮೊದಲು ಮುಗಿಯದಿದ್ದರೆ ಕೆಲಸ ಬೇರೆಯವರಿಗೆ ಎಂದು ಷರತ್ತು ಹಾಕಿದರು.

ಕಡೆಯ ದಿನ — ನೆನಪಿದೆಯಲ್ಲ, ಗೆಳೆಯರೇ? — ಗಜೇಂದ್ರಗಡ ಊರ ಹತ್ತಿರ ಒಂದಿಷ್ಟು ಖಡಿ ಒತ್ತುವುದು ಉಳಿದಿತ್ತು. ಮೋಡ ಕವಿಯುತ್ತಿತ್ತು. ರೋಲರ್ ತೆಗೆದುಕೊಂಡು ಹೊರಟೆ. ನೋಡಿದರೆ, ನಾವು ಮುಗಿಸಿದ ರಸ್ತೆಯ ತುಂಬ ನೇಕಾರರು ಹಾಸು ಚಾಚಿದ್ದಾರೆ! ಸೀರೆಯ ಉದ್ದನೆಯ ಎಳೆಗಳನ್ನು ಬಿದಿರುಗಳ ಮೇಲೆ ಬಿಗಿದು ಗಂಜಿ ಹಚ್ಚುತ್ತಿದ್ದಾರೆ. ಅವರ ಓಣಿಗಳು ಅಂಕುಡೊಂಕು. ಇಷ್ಟು ನೆಟ್ಟಗಿನ ನೆಲ ಕಂಡು, ಸರ್ಕಾರ ತಮಗಾಗಿಯೇ ಮಾಡಿಕೊಟ್ಟಿದೆ ಎಂದುಕೊಂಡಿದ್ದರು, ಪಾಪ.

"ಎತ್ರಿ ಅದನ್ನ!" ಎಂದು ಒದರಿದೆ.

ಶಂಕ್ರವ್ವ ಎಂಬ ನೇಕಾರ ಹೆಣ್ಣುಮಗಳು ಕುಂಚ ಹಿಡಿದೇ ತಿರುಗಿದಳು. "ಹಸಿ ಐತಪಾ! ಮಡಚಿದ್ರ ಎಳಿ ಎಲ್ಲಾ ಅಂಟ್ತಾವ. ಆಮ್ಯಾಲೆ ನಮ್ಮ ಮಂದಿ ಏನ್ ತಿನ್ನಬೇಕು, ನಿನ್ನ ಗಾಲೀನಾ?"

ಪಕ್ಕಕ್ಕೆ ಇಳಿಯುವಂತಿಲ್ಲ. ಹಿಂದಿನ ದಿನದ ಹನಿಗೆ ಎರೆ ಮೆತ್ತಗಾಗಿತ್ತು. ಇಳಿದರೆ ರೋಲರ್‌ಗೆ ಅಲ್ಲೇ ಗೋರಿ. ಅಷ್ಟರಲ್ಲಿ ಧಣಿ ಬಂದರು. ಮೋಡ ನೋಡಿದರು, ಹಾಸು ನೋಡಿದರು.

"ತಂಗಿ, ಬಿಗಿ ಸಡ್ಲ ಬಿಡದಂಗ ಎತ್ತಿದ್ರ?"

"ಎತ್ತಬಹುದ್ರಿ. ಅಷ್ಟ ಕೈ ಎಲ್ಲಿಂದ ತರೂದು?"

"ಕೈ ನಮ್ಮಲ್ಲಿ ಅದಾವ!" ಎಂದವರೇ ಚಪ್ಪಲಿ ಬಿಟ್ಟು, ಧೋತರ ಮೇಲೆ ಕಟ್ಟಿ, ಮೊದಲ ಬಿದಿರಿಗೆ ತಾವೇ ಕೈ ಹಾಕಿದರು. ಖಡಿ ಹೊರುವವರೆಲ್ಲ ಉಳಿದ ಬಿದಿರು ಹಿಡಿದರು. ಶಂಕ್ರವ್ವನದೇ ಹುಕುಂ — "ಏ, ತಗ್ಗಸಬ್ಯಾಡ್ರಿ! ಬಿಗಿ ಹಿಡೀರಿ!" ಇಡೀ ಹಾಸು — ಹೀಗೆ, ಹೀಗೆ ನೋಡಿ — ಅಡ್ಡಡ್ಡ ಹೆಜ್ಜೆ ಹಾಕುತ್ತ ಹೊಲಕ್ಕಿಳಿಯಿತು. ಅವರು ಕೆಸರಿನಲ್ಲಿ ನಿಂತರು, ರೋಲರ್ ದಾಟಿತು. ಒಂದು ಎಳೆಯೂ ಹರಿಯಲಿಲ್ಲ.

ಹಾಸು ಒಣಗಿದ್ದೇ ತಡ, ನೇಕಾರರ ಓಣಿಯೇ ಬುಟ್ಟಿ ಹಿಡಿದು ನಮ್ಮ ಕೆಲಸಕ್ಕೆ ಬಂತು! ಸಂಜೆ ಮಳೆ ಹೊಡೆಯುವ ಹೊತ್ತಿಗೆ ರಸ್ತೆ ಮುಗಿದಿತ್ತು. ಮರುದಿನ ಸಾಹೇಬರ ಜೀಪು ಎಲ್ಲೂ ಹೂತುಕೊಳ್ಳದೆ ಗಜೇಂದ್ರಗಡ ಮುಟ್ಟಿತು. ನನಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಲ್ಲಿಂದ ಮುಂದೆ ನರಗುಂದದ ಕಡೆಯ ರಸ್ತೆ, ಈಗ ಹಳ್ಳದ ಸೇತುವೆ. ಬುಟ್ಟಿ ಹೊರುತ್ತಿದ್ದ ಜಕ್ಕಲಿಯವರು ಇವತ್ತು ದೂರದ ಹೆದ್ದಾರಿಗಳಲ್ಲಿ ಮೇಸ್ತ್ರಿಗಳು. ಇದು ನಮ್ಮ ಧಣಿಯ ಗಳಿಕೆ.

ಇನ್ನು ಪೇಟೆಯ ಮಾತಿಗೆ ಉತ್ತರ. ನಿನ್ನೆ ನೀಲವ್ವನವರನ್ನು ಕೇಳಿದೆ — "ಅವ್ವಾರ, ಸೇತುವಿ ಅರ್ಧಕ್ಕ ನಿಂತೈತ್ರಿ. ಹ್ಯಾಂಗ ಮಾಡೂಣು?" ಕಣ್ಣು ಒರೆಸಿಕೊಂಡು ಅಂದರು: "ಕೆಲಸ ನಿಂತ್ರ ಅವ್ರು ಖರೇನ ಸತ್ತಂಗ. ನಾಳೆ ಸಭಾ ಮುಗೀಲಿ. ನಾಡಿದ್ದ ಮುಂಜಾನೆ ನಾನ ಬರ್ತೀನಿ, ನೀ ರೋಲರ್‌ಗೆ ಬೆಂಕಿ ಹಾಕು."

ಕೇಳಿದಿರಲ್ಲ? ನಾಳೆ ಬೆಳಿಗ್ಗೆ ಕೆಲಸ ಸುರು. ಈಗ ಆ ದೊಡ್ಡ ಜೀವಕ್ಕಾಗಿ ಒಂದು ನಿಮಿಷ ಮಾತು ನಿಲ್ಲಿಸೋಣ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ — ನೀಲವ್ವನವರು ಆಗಲೇ ಎದ್ದಿದ್ದಾರೆ.