ಕಾಡಿನ ಗೂಟ

ಈ ಕಥೆ ನನಗೆ ಮೊದಲು ಹೇಳಿದ್ದು ನಮ್ಮ ಕಾಲೇಜು ಹಾಸ್ಟೆಲಿನಲ್ಲಿ ಅಡುಗೆ ಮಾಡ್ತಿದ್ದ ಪುಟ್ಟನಂಜಮ್ಮ. ಅವಳು ಅವರೆಕಾಯಿ ಬಿಡಿಸ್ತಾ ಹೇಳಿದ್ಲು. ನೀವು ಬರೀ ಹೂಂಗುಟ್ಟಿ, ಸಾಕು.

ಅದ್ಯಾವುದೋ ದೇಶ. ಅಲ್ಲೊಬ್ಬ ರಾಜ. ಒಂದು ಬೆಳಿಗ್ಗೆ ಅವನಿಗೆ ಕಾಡಿನ ಮೇಲೆ ಪ್ರೀತಿ ಉಕ್ಕಿಬಿಡ್ತು. "ಇನ್ನು ಕಾಡಿನೊಳಗೆ ಒಬ್ಬ ಮನುಷ್ಯನೂ ವಾಸ ಇರಕೂಡದು!" ಅಂತ ಡಂಗುರ ಸಾರಿಸಿದ. ಸರಿ, ಕಾಡು ಎಲ್ಲಿಂದ ಶುರು? ರಾಜನಿಗೆ ಗೊತ್ತಾ? ಇಲ್ಲ. ಗಡಿಗೆ ಗೂಟ ಹೊಡೆದು ಬಾ ಅಂತ ಅಳತೆಯವನನ್ನ ಕಳಿಸಿದ.

ಅಳತೆಯವನು ಜೇನು ಕೀಳೋನನ್ನ ಕೇಳಿದ. "ಮೊದಲನೇ ನೊಣ ಎಲ್ಲಿ ಗುಂಯ್ ಅನ್ನುತ್ತೋ ಅಲ್ಲಿಂದ ಸ್ವಾಮಿ." ಸೌದೆ ಹೊರೋಳನ್ನ ಕೇಳಿದ. "ನಾನು ಚಿಕ್ಕೋಳಿದ್ದಾಗ ನಮ್ಮ ಹಿತ್ತಲಿಂದ. ಈಗ ಅರ್ಧ ದಿನ ನಡೀಬೇಕು." ಹೊಸದಾಗಿ ಮದುವೆಯಾಗಿ ಬಂದವಳನ್ನ ಕೇಳಿದ. "ನನಗೆ ಈ ಊರೇ ಕಾಡು ಕಣಣ್ಣ."

ತಲೆ ಗಿರ್ರಂತು. ಕೊನೆಗೊಬ್ಬ ಮುದುಕ ಹೇಳಿದ: "ನಾವು ಎಕ್ಕಡ ಮೆಟ್ಕೊಂಡು ಕಾಡಮ್ಮನ ನೆಲಕ್ಕೆ ಕಾಲಿಡಲ್ಲ. ಎಕ್ಕಡ ಬಿಟ್ಟ ಕಡೆ ಕಾಡು ಶುರು. ಹುಡುಕ್ಕೊಳ್ಳಿ."

ಹುಡುಕಿದ. ದಿನ್ನೆ ಮೇಲೆ, ಎಮ್ಮೆ ಸಾಕೋ ಬೊಮ್ಮಕ್ಕನ ಗುಡಿಸಲ ಬಾಗಿಲಲ್ಲಿ ಎಂಟು ಜೊತೆ ಎಕ್ಕಡ! ಒಳಗೆ ಎಂಟು ಜನ ಮಜ್ಜಿಗೆ ಕುಡೀತಾ ಕೂತಿದ್ರು. ಇವನು ಇಣುಕಿದ್ನಾ? ಎಲ್ಲಿ ಬಂತು! ಧಡ್, ಧಡ್, ಧಡ್. ಗೂಟ ಹೊಡೆದೇಬಿಟ್ಟ.

"ಇದು ಕಾಡು. ನಾಳೆ ಹೊತ್ತು ಮುಳುಗೋದ್ರೊಳಗೆ ಖಾಲಿ ಮಾಡು."

"ಅಯ್ಯೋ ನಿನ್ನ! ನಾಲ್ಕು ಮಕ್ಕಳನ್ನ ಹೆತ್ತ ಮನೆ ಕಣಪ್ಪ ಇದು."

"ಎಕ್ಕಡ ಬಿಟ್ಟಿದಾರಲ್ಲ?"

ಬೊಮ್ಮಕ್ಕ ಮರುದಿನ ಗೂಟ ಕಿತ್ತು, ಕಂಕುಳಲ್ಲಿಟ್ಕೊಂಡು ಅರಮನೆಗೆ ನಡೆದ್ಲು. ಬಾಗಿಲಲ್ಲಿ ಕಾವಲುಗಾರ ಗದರಿದ: "ಏಯ್ ಅಜ್ಜಿ, ಎಕ್ಕಡ ಬಿಟ್ಟು ಹೋಗು!" ಬಿಟ್ಲು. ನೋಡ್ತಾಳೆ, ಮಂತ್ರಿಗಳದ್ದು, ಪಂಡಿತರದ್ದು, ಆ ಅಳತೆಯವನದ್ದೂ ಅಲ್ಲೇ ಸಾಲಾಗಿವೆ. ಒಂದು ಕಲ್ಲು ತಗೊಂಡ್ಲು. ಧಡ್, ಧಡ್, ಧಡ್.

ರಾಜ ಓಡಿಬಂದ. "ಏನಮ್ಮಾ ಇದು?"

"ನಿಮ್ಮ ಅಳತೆಯವನದೇ ಲೆಕ್ಕ. ಎಕ್ಕಡ ಬಿಟ್ಟ ಕಡೆ ಕಾಡಂತೆ. ಇಲ್ಲಿ ನೋಡಿದ್ರೆ ಇಷ್ಟೊಂದು! ಘೋರ ಅರಣ್ಯವೇ ಇರ್ಬೇಕು. ನನಗೆ ಇವತ್ತು ಹೊತ್ತು ಮುಳುಗೋವರೆಗೆ ಗಡುವು. ನೀವು ಯಾವಾಗ ಹೊರಡ್ತೀರಾ?"

ರಾಜ ಅಳತೆಯವನನ್ನ ನೋಡಿದ. ಅಳತೆಯವನು ನೆಲ ನೋಡಿದ.

"ಕೀಳೋ ಗೂಟಾನ! ಅವಳ ಬಾಗಿಲಿಗೂ ಬೇಡ, ನನ್ನ ಬಾಗಿಲಿಗೂ ಬೇಡ."

ಅಳತೆಯವನು ಗೂಟ ಕೀಳ್ತಾ ಕೇಳಿದ: "ಹಾಗಾದ್ರೆ ಕಾಡು ಎಲ್ಲಿಂದ ಸ್ವಾಮಿ?"

ರಾಜ ಸರಸರ ಒಳಕ್ಕೆ ನಡೆದುಬಿಟ್ಟ. ಬೊಮ್ಮಕ್ಕ ಮನೆಗೆ ಬಂದು ಮಜ್ಜಿಗೆ ಕಡೆದ್ಲು.

"ಹೌದು, ಎಲ್ಲಿಂದ?" ಅಂತ ನಾನೂ ಪುಟ್ಟನಂಜಮ್ಮನ್ನ ಕೇಳಿದೆ. "ಓದಿರೋಳು ನೀನು, ನನ್ನ ಕೇಳ್ತೀಯಲ್ಲವ್ವಾ!" ಅಂತ ಸಿಪ್ಪೆ ಬಾಚ್ಕೊಂಡು ಎದ್ದುಹೋದ್ಲು. ಓದಿ ಇಷ್ಟು ವರ್ಷ ಆಯ್ತು, ನನಗಿನ್ನೂ ಗೊತ್ತಾಗಿಲ್ಲ.

ಇನ್ನು ಕಥೆ ನಿಮ್ಮದು. ಮುಂದೆ ಯಾರ ಮನೆ ಬಾಗಿಲಲ್ಲಿ ಎಕ್ಕಡ ಬಿಡ್ತೀರೋ, ಅವರಿಗೆ ಹೇಳಿಬಿಡಿ.